ಊರಿಗೆ ಹೋಗಿ ಬಂದರೂ ಹೋಗದ ಬೇಜಾರು: ಮುಂಬೈ ಕನ್ನಡಿಗರಿಗೆ ಖಿನ್ನತೆಯ ಕೈಪಿಡಿ

"ನನಗೆ ಆಗಿರೋದು ಡಿಪ್ರೆಶನ್ನಾ, ಇಲ್ಲಾ ಸುಮ್ನೆ ಸುಸ್ತಾ?" ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಬರುತ್ತಲೇ ಇರುತ್ತದೆ. ಡೊಂಬಿವಲಿಯಿಂದ ಫೋರ್ಟ್‌ಗೆ ದಿನಾ ಓಡಾಡುವವರು ಕೇಳುತ್ತಾರೆ. ಹೋಟೆಲಿನ ಗಲ್ಲೆಯಲ್ಲಿ ಕೂರುವವರು ಕೇಳುತ್ತಾರೆ. ಬಾಣಂತನ ಮುಗಿಸಿ ಊರಿಂದ ಮರಳಿದವರು ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ನಾನು ಡಾಕ್ಟರ್ ಅಲ್ಲ. ಒಂದು ಕಾಲಕ್ಕೆ ನಾಲ್ಕು ತಿಂಗಳು ಗ್ಯಾಸ್ ಮಾತ್ರೆ ನುಂಗಿ, ಕೊನೆಗೆ ಅದು ಹೊಟ್ಟೆಯ ತೊಂದರೆಯೇ ಅಲ್ಲ ಎಂದು ಗೊತ್ತಾದವನು. ಅಷ್ಟೇ ನನ್ನ ಅರ್ಹತೆ.

ನಮ್ಮವರಲ್ಲಿ ಮನಸ್ಸಿನ ಎಲ್ಲ ತೊಂದರೆಗೂ ಒಂದೇ ಮದ್ದು: "ಒಂದ್ಸಲ ಊರಿಗೆ ಹೋಗಿ ಬಾ, ಸರಿಯಾಗ್ತದೆ." ಸುಸ್ತಿಗೆ ಅದು ನಿಜಕ್ಕೂ ಒಳ್ಳೆಯ ಮದ್ದು. ಮತ್ಸ್ಯಗಂಧ ರೈಲು ಪನವೇಲ್ ದಾಟುತ್ತಿದ್ದ ಹಾಗೆ ಅರ್ಧ ಸುಸ್ತು ಇಳಿದಿರುತ್ತದೆ. ಆದರೆ ಅಂಗಳದಲ್ಲಿ ಕೂತು, ಅಮ್ಮ ಹಾಕಿಕೊಟ್ಟ ನೀರುದೋಸೆ ಎದುರಿಗಿದ್ದರೂ ರುಚಿ ಹತ್ತಲಿಲ್ಲ, ಎಂಟು ದಿನ ರಜೆ ಹಾಕಿದರೂ ಎದೆಯ ಮೇಲಿನ ಭಾರ ಇಳಿಯಲಿಲ್ಲ ಅಂದರೆ ಅನುಮಾನ ಪಡಬೇಕು. ಸುಸ್ತು ವಿಶ್ರಾಂತಿಗೆ ಬಗ್ಗುತ್ತದೆ. ಖಿನ್ನತೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಮುಂದೆ ಓದುವ ಮೊದಲು

ಸಾಯಬೇಕು ಅನ್ನುವ ಯೋಚನೆ ಈಗಲೇ ಬರುತ್ತಿದ್ದರೆ ಈ ಲೇಖನ ಪಕ್ಕಕ್ಕಿಡಿ. 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ. 20 ಭಾಷೆಗಳಲ್ಲಿ ಮಾತಾಡುತ್ತಾರೆ. ಭಾಷೆ ಕೇಳಿದಾಗ ಕನ್ನಡ ಆರಿಸಿ. ಏನಾದರೂ ಮಾಡಿಕೊಂಡುಬಿಡುತ್ತೇನೆ ಎಂಬ ಹೆದರಿಕೆ ಇದ್ದರೆ ಒಬ್ಬರೇ ಇರಬೇಡಿ. ಪಕ್ಕದ ಮನೆಯವರನ್ನು ಎಬ್ಬಿಸಿ. ಹತ್ತಿರದ ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ಪೊಲೀಸ್ ಕೇಸ್ ಆಗುತ್ತೆ ಎಂದು ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಪ್ರಕಾರ, ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಶಿಕ್ಷಿಸಬಾರದು.

ಅಂಥ ಅವಸರ ಇಲ್ಲದವರು ಮುಂದೆ ಓದಿ. ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಗೋಡೆಯ ಕ್ಯಾಲೆಂಡರ್, ನಂಬಿಕೆಯ ಒಬ್ಬ ಮನುಷ್ಯ, ಮತ್ತು ವಾರದಲ್ಲಿ ಅರ್ಧ ದಿನದ ರಜೆ.

1. ಎರಡು ವಾರ ಕ್ಯಾಲೆಂಡರಿನಲ್ಲಿ ಲೆಕ್ಕ ಇಡಿ

ಡಾಕ್ಟರುಗಳು ನೋಡುವ ಮುಖ್ಯ ಅಳತೆ ಎರಡು ವಾರ. ಒಂದು ದಿನದ ಅಳುವಿಗೆ, ಬಾಸ್ ಬೈದ ಸಂಜೆಗೆ ಖಿನ್ನತೆ ಅನ್ನುವುದಿಲ್ಲ. ಎರಡು ವಾರ, ಹೆಚ್ಚುಕಮ್ಮಿ ಪ್ರತಿದಿನ, ದಿನದ ಹೆಚ್ಚು ಹೊತ್ತು ಇರಬೇಕು.

ಎರಡು ಲಕ್ಷಣ ಮುಖ್ಯ. ಒಂದು, ಮನಸ್ಸು ಕುಗ್ಗಿರುವುದು. ಇನ್ನೊಂದು, ಮೊದಲು ಇಷ್ಟವಾಗುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಈ ಎರಡರಲ್ಲಿ ಒಂದಾದರೂ ಇರಲೇಬೇಕು. ಉಳಿದವು ಇವು: ನಿದ್ದೆ ಬಾರದಿರುವುದು ಅಥವಾ ಅತಿಯಾಗುವುದು, ಹಸಿವು ಅಥವಾ ತೂಕ ಏರುಪೇರಾಗುವುದು, ಸದಾ ಆಯಾಸ, ನಾನು ಯಾತಕ್ಕೂ ಬಾರದವನು ಎಂಬ ಭಾವನೆ, ಗಮನ ನಿಲ್ಲದಿರುವುದು, ನಡೆ ನುಡಿ ನಿಧಾನವಾಗುವುದು ಅಥವಾ ಕೂತಲ್ಲಿ ಕೂರಲಾಗದ ಚಡಪಡಿಕೆ, ಸಾವಿನ ಯೋಚನೆ. ಒಟ್ಟು ಒಂಬತ್ತು. ಐದು ಅಥವಾ ಹೆಚ್ಚು ಸೇರಿ, ಅದರಿಂದ ಕೆಲಸ, ಮನೆ, ಸಂಬಂಧ ಕೆಡುತ್ತಿದ್ದರೆ ಡಾಕ್ಟರ್ ಅದನ್ನು ಖಿನ್ನತೆ ಎಂದು ಪರಿಗಣಿಸುತ್ತಾರೆ.

ಇದನ್ನು ಅಳೆಯಲು ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ. ಕನ್ನಡದಲ್ಲೂ ಸಿಗುತ್ತದೆ. ಪ್ರತಿ ಪ್ರಶ್ನೆಗೆ 0ರಿಂದ 3 ಅಂಕ, ಒಟ್ಟು 27. 5ರಿಂದ 9 ಬಂದರೆ ಸೌಮ್ಯ, 10 ಅಥವಾ ಹೆಚ್ಚು ಬಂದರೆ ಡಾಕ್ಟರನ್ನು ನೋಡುವ ಮಟ್ಟ, 20 ಅಥವಾ ಹೆಚ್ಚು ಬಂದರೆ ತೀವ್ರ. ಒಂಬತ್ತನೇ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ. ಅದಕ್ಕೆ 1 ಅಂಕ ಬಿದ್ದರೂ ಒಟ್ಟು ಎಷ್ಟಾಯಿತು ಎಂದು ನೋಡುತ್ತಾ ಕೂರಬೇಡಿ, ಯಾರಿಗಾದರೂ ಹೇಳಿ.

ಇಲ್ಲಿ ಜನ ಎಡವುವುದು ಎರಡು ಕಡೆ. ಮೊದಲನೆಯದು, ಪರೀಕ್ಷೆಯಂತೆ ಅಂಕ ನೋಡಿ ತಮಗೆ ತಾವೇ ಕಾಯಿಲೆ ತೀರ್ಮಾನಿಸುವುದು. ಇದು ಥರ್ಮಾಮೀಟರ್ ಇದ್ದ ಹಾಗೆ, ಜ್ವರ ಇದೆ ಅನ್ನುತ್ತದೆ, ಯಾಕೆ ಅನ್ನುವುದಿಲ್ಲ. ಎರಡನೆಯದು ಮುಂಬೈಯದೇ ವಿಶೇಷ. "ನಾನು ದಿನಾ ಕೆಲಸಕ್ಕೆ ಹೋಗ್ತಿದ್ದೇನಲ್ಲ, ನನಗೆಂಥ ಡಿಪ್ರೆಶನ್?" ಅನ್ನುತ್ತಾರೆ. ಈ ಊರಲ್ಲಿ 8.12ರ ಲೋಕಲ್ ಹಿಡಿಯುವುದು ಮನಸ್ಸಲ್ಲ, ಕಾಲು. ಅಭ್ಯಾಸಬಲದಿಂದ ಕಾಲು ಓಡುತ್ತದೆ. ಆಫೀಸಿನಲ್ಲಿ ನಕ್ಕು, ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಂಡು ಮನೆಗೆ ಬರುವವರು ನೀವಾಗಿದ್ದರೆ, ಆ ನಗುವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಗಂಡಸರಲ್ಲಿ ಇದು ಸಿಟ್ಟಾಗಿ, ಕುಡಿತವಾಗಿ ಕಾಣಬಹುದು. ವಯಸ್ಸಾದವರಲ್ಲಿ ಮರೆವಿನಂತೆ ಕಾಣುತ್ತದೆ. ಬಾಣಂತಿಯರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಊರಲ್ಲಿ ನಾಲ್ಕು ತಿಂಗಳು ಅಮ್ಮ, ಅಜ್ಜಿ, ಎಣ್ಣೆ ನೀರು, ಎತ್ತಿಕೊಳ್ಳಲು ಹತ್ತು ಕೈ. ಆಮೇಲೆ ಮೀರಾ ರೋಡಿನ ಏಳನೇ ಮಹಡಿಯಲ್ಲಿ ಬಾಗಿಲು ಹಾಕಿಕೊಂಡು ಮಗು ಮತ್ತು ತಾಯಿ ಇಬ್ಬರೇ. ಹೆರಿಗೆಯಾದ ಕೂಡಲೇ ಬರುವ ಅಳು ಸಾಮಾನ್ಯವಾಗಿ ಎರಡು ವಾರದೊಳಗೆ ಹೋಗುತ್ತದೆ. ಆಮೇಲೂ ಉಳಿದರೆ, ಅಥವಾ ತಿಂಗಳುಗಳ ನಂತರ ಶುರುವಾದರೆ, ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ, ಚಿಕಿತ್ಸೆ ಬೇಕಾದ ತೊಂದರೆ. ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರ ಅನುಮಾನ, ಮಗುವಿಗೆ ಏನಾದರೂ ಮಾಡಿಬಿಡುವ ಯೋಚನೆ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

2. ಮೈ ಹೇಳುವುದನ್ನೂ ಪರೀಕ್ಷಿಸಿ

ನಮ್ಮಲ್ಲಿ ಎಷ್ಟೋ ಜನರಿಗೆ ಮನಸ್ಸಿನ ನೋವು ಮೈಯಲ್ಲೇ ಮೊದಲು ಕಾಣುತ್ತದೆ. ತಲೆಭಾರ, ಎದೆಯುರಿ, ಕೈಕಾಲು ಸೆಳೆತ. ಇದು ನಾಟಕ ಅಲ್ಲ, ನೋವು ನಿಜವೇ. ಇದಕ್ಕೆ ತಿರುಗುಮುರುಗೂ ಆಗುತ್ತದೆ: ಮೈಯ ಕಾಯಿಲೆ ಖಿನ್ನತೆಯ ವೇಷದಲ್ಲಿ ಬರುತ್ತದೆ. ಥೈರಾಯ್ಡ್ ಕಡಿಮೆಯಾದರೆ, ರಕ್ತಹೀನತೆ ಇದ್ದರೆ, ಬಿ12 ಕಡಿಮೆಯಿದ್ದರೆ ಸುಸ್ತು, ಮಂಕು ಎರಡೂ ಬರುತ್ತವೆ. ಸಸ್ಯಾಹಾರಿಗಳಿಗೆ ಬಿ12 ಕೊರತೆ ಜಾಸ್ತಿ. ಹಾಗಾಗಿ ಫ್ಯಾಮಿಲಿ ಡಾಕ್ಟರ ಹತ್ತಿರ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಬಿ12, ಸಕ್ಕರೆ ಪರೀಕ್ಷೆ ಮಾಡಿಸುವ ಬಗ್ಗೆ ಕೇಳಿ. ಬೇರೆ ಯಾವುದಕ್ಕಾದರೂ ಮಾತ್ರೆ ನಡೆಯುತ್ತಿದ್ದರೆ ಅದನ್ನೂ ತೋರಿಸಿ.

ರಿಪೋರ್ಟ್ ಎಲ್ಲ ನಾರ್ಮಲ್ ಬಂತು ಎಂದು "ನನಗೇನೂ ಆಗಿಲ್ಲ" ಎಂದುಕೊಳ್ಳಬೇಡಿ. ನಾರ್ಮಲ್ ಬಂದರೆ ಮೂರನೇ ಹಂತಕ್ಕೆ ಹೋಗಬೇಕು ಎಂದರ್ಥ.

3. ಒಬ್ಬರಿಗೆ ಹೇಳಿ

ಒಬ್ಬರು ಸಾಕು. ಗಂಡ, ಹೆಂಡತಿ, ಅಕ್ಕ, ರೂಮ್‌ಮೇಟ್, ಯಾರಾದರೂ. "ಖಿನ್ನತೆ" ಎಂಬ ಪದ ಬಾಯಿಗೆ ಬರದಿದ್ದರೆ ಬಿಡಿ. "ಮೂರು ವಾರದಿಂದ ನಿದ್ದೆ ಇಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಡಾಕ್ಟರ್ ಹತ್ರ ಹೋಗುವಾಗ ಜೊತೆಗೆ ಬಾ" ಅಂದರೆ ಸಾಕು. ಕೇಳಬೇಕಾದದ್ದು ಸಲಹೆ ಅಲ್ಲ, ಜೊತೆ. ಸಲಹೆ ಹೇಗೂ ಕೇಳದೆಯೇ ಸಿಗುತ್ತದೆ.

ಹತ್ತಡಿ ಖೋಲಿಯಲ್ಲಿ ಐದು ಜನ ಇರುವಾಗ ಮಾತಾಡುವುದೆಲ್ಲಿ? ಮನೆಯ ಹೊರಗೆ. ಕಟ್ಟಡದ ಟೆರೇಸ್, ಮಾಟುಂಗದ ಫೈವ್ ಗಾರ್ಡನ್ಸ್, ಶಿವಾಜಿ ಪಾರ್ಕಿನ ಕಟ್ಟೆ. ಫೋನ್ ಕೌನ್ಸೆಲಿಂಗ್‌ಗೂ ಇವೇ ಜಾಗ. ಪ್ಲಾಟ್‌ಫಾರ್ಮ್ ಬೆಂಚು ಬೇಡ, ಎರಡು ನಿಮಿಷಕ್ಕೊಂದು ಲೋಕಲ್ ಬಂದು ಮಾತು ತುಂಡಾಗುತ್ತದೆ.

ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ. ನಾನು ಸಂಘಗಳ ವಿರೋಧಿಯಲ್ಲ. ಆದರೆ ಶುರುವಿನಲ್ಲಿ ಅರವತ್ತು ಜನರ ಕಾಳಜಿ ತಡೆದುಕೊಳ್ಳುವ ಶಕ್ತಿ ನಿಮಗಿರುವುದಿಲ್ಲ.

4. ಯಾರ ಹತ್ತಿರ ಹೋಗಬೇಕು

ಹೆಸರುಗಳ ಗೊಂದಲ ಮೊದಲು ಬಿಡಿಸೋಣ. ಸೈಕಿಯಾಟ್ರಿಸ್ಟ್ ಅಂದರೆ ಮನೋವೈದ್ಯರು: ಎಂಬಿಬಿಎಸ್ ಓದಿ, ಮನೋರೋಗದಲ್ಲಿ ಪರಿಣತಿ ಪಡೆದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂದರೆ ಮಾತಿನ ಚಿಕಿತ್ಸೆ ಕೊಡುವವರು. ಅವರಿಗೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಇರಬೇಕು, ಕೇಳಿ ನೋಡಲು ಸಂಕೋಚ ಬೇಡ. ಕೌನ್ಸೆಲರ್ ಎಂಬ ಬೋರ್ಡಿನ ಹಿಂದೆ ಚೆನ್ನಾಗಿ ಓದಿದವರೂ ಇರುತ್ತಾರೆ, ವಾರಾಂತ್ಯದ ಕೋರ್ಸ್ ಮಾಡಿದವರೂ ಇರುತ್ತಾರೆ. ತೀವ್ರವಾಗಿದ್ದರೆ ಮನೋವೈದ್ಯರಿಂದಲೇ ಶುರುಮಾಡಿ.

ದುಡ್ಡಿನ ಚಿಂತೆ ಇದ್ದರೆ ದೊಡ್ಡ ಸರ್ಕಾರಿ ಮತ್ತು ಮುನ್ಸಿಪಲ್ ಆಸ್ಪತ್ರೆಗಳಿವೆ. ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ಮುಂಬೈ ಸೆಂಟ್ರಲಿನ ನಾಯರ್, ಬೈಕುಲಾದ ಜೆಜೆ, ಎಲ್ಲ ಕಡೆ ಮನೋವೈದ್ಯ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು. ಕೇಸ್ ಪೇಪರ್ ಅಂದರೆ ಒಪಿಡಿ (ಹೊರರೋಗಿ ವಿಭಾಗ) ಚೀಟಿ, ಕೆಲವೇ ರೂಪಾಯಿ. ಅದನ್ನು ಕಳೆಯಬೇಡಿ, ಪ್ರತಿ ಸಲ ಬೇಕು. ಸಾಲು ಉದ್ದ ಇರುತ್ತದೆ, ಡಾಕ್ಟರ್ ಪ್ರತಿ ಸಲ ಅವರೇ ಸಿಗಲಾರರು. ಆದರೂ ಚಿಕಿತ್ಸೆ ಚಿಕಿತ್ಸೆಯೇ. ಪುಣೆಯಲ್ಲಿರುವವರಿಗೆ ಸಸೂನ್, ಗೋವಾದಲ್ಲಿರುವವರಿಗೆ ಬಾಂಬೋಳಿಯ ಮನೋವೈದ್ಯ ಸಂಸ್ಥೆ. ಇಎಸ್‌ಐ ಕಾರ್ಡ್ ಇರುವ ಹೋಟೆಲ್, ಕಾರ್ಖಾನೆ ಕೆಲಸಗಾರರು ಇಎಸ್‌ಐ ದವಾಖಾನೆಯಿಂದಲೂ ಶುರುಮಾಡಬಹುದು.

ಭಾಷೆ ಇನ್ನೊಂದು ತಡೆ. ಡಾಕ್ಟರಿಗೆ ಕನ್ನಡ ಬರುವುದಿಲ್ಲ, ನಿಮ್ಮ ಹಿಂದಿ ತರಕಾರಿ ಮಾರ್ಕೆಟಿನದು. ಚೌಕಾಸಿಗೆ ಸಾಕಾಗುವ ಹಿಂದಿ ದುಃಖಕ್ಕೆ ಸಾಕಾಗುವುದಿಲ್ಲ, ಅಲ್ವಾ? ಇಷ್ಟು ಬಾಯಿಪಾಠ ಮಾಡಿಕೊಳ್ಳಿ. ಹಿಂದಿಯಲ್ಲಿ "ಕಿಸೀ ಚೀಜ್ ಮೇ ಮನ್ ನಹೀಂ ಲಗ್ತಾ" (ಯಾವುದರಲ್ಲೂ ಮನಸ್ಸಿಲ್ಲ), "ನೀಂದ್ ನಹೀಂ ಆತೀ" (ನಿದ್ದೆ ಬರುವುದಿಲ್ಲ). ಅದನ್ನೇ ಮರಾಠಿಯಲ್ಲಿ "ಕಶಾತಚ್ ಮನ್ ಲಾಗತ್ ನಾಹೀ", "ಝೋಪ್ ಲಾಗತ್ ನಾಹೀ". ಸಾವಿನ ಯೋಚನೆ ಇದ್ದರೆ ಅದನ್ನು ಮುಚ್ಚಿಡಬೇಡಿ: "ಮರ್ನೇ ಕೇ ಖಯಾಲ್ ಆತೇ ಹೈಂ." ಇನ್ನೂ ಒಳ್ಳೆಯದು, ಕ್ಯಾಲೆಂಡರಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು: ಯಾವಾಗಿಂದ, ಎಷ್ಟು ಗಂಟೆ ನಿದ್ದೆ, ತೂಕ ಎಷ್ಟು ಇಳಿಯಿತು, ಎಷ್ಟು ಕುಡಿಯುತ್ತೀರಿ, ಮನೆಯಲ್ಲಿ ಯಾರಿಗಾದರೂ ಇತ್ತಾ. ಒಪಿಡಿಯಲ್ಲಿ ನಿಮಗೆ ಸಿಗುವುದು ಕೆಲವು ನಿಮಿಷ, ಅಳುವುದರಲ್ಲೇ ಅದು ಮುಗಿದುಹೋಗಬಾರದು.

ಒಂದು ಮಾತು ಮರೆಯದೆ ಹೇಳಿ. ಹಿಂದೆ ಯಾವಾಗಲಾದರೂ ಇದರ ಉಲ್ಟಾ ಆಗಿತ್ತೇ? ದಿನಗಟ್ಟಲೆ ನಿದ್ದೆಯೇ ಬೇಡ ಎನ್ನುವಷ್ಟು ಹುರುಪು, ನಿಲ್ಲದ ಮಾತು, ಕೈಗೆ ಬಂದಂತೆ ಖರ್ಚು? ಹಾಗಿದ್ದರೆ ಅದು ಬೈಪೋಲಾರ್, ಅಂದರೆ ಮನಸ್ಸು ಅತಿ ಏರಿ ಅತಿ ಇಳಿಯುವ ಕಾಯಿಲೆ ಇರಬಹುದು. ಅದಕ್ಕೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಮನಸ್ಸು ಮತ್ತೆ ಅತಿ ಏರುವ ಅಪಾಯವಿದೆ.

ಪ್ರಶ್ನೆ ಇಡಿಸುವವರು, ದೈವದ ನುಡಿ ಕೇಳುವವರು ಹೇಗೂ ಕೇಳುತ್ತಾರೆ, ಬೇಡ ಎಂದು ನಾನು ವಾದಕ್ಕಿಳಿಯುವುದಿಲ್ಲ. ನಂಬಿಕೆಯಿಂದ ಧೈರ್ಯ ಬರುವುದಾದರೆ ಬರಲಿ. ಅದಕ್ಕಾಗಿ ಚಿಕಿತ್ಸೆ ಮುಂದೂಡಬೇಡಿ, ನಡೆಯುತ್ತಿರುವ ಮಾತ್ರೆ ಬಿಡಬೇಡಿ, ಅಷ್ಟೇ.

5. ಮಾತ್ರೆ ಬರೆದುಕೊಟ್ಟರೆ

ಹೆಚ್ಚಾಗಿ ಮೊದಲು ಕೊಡುವುದು ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆ. ಮೆದುಳಿನ ಸೆರೊಟೊನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತದೆ. ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಒಕ್ಸೆಟಿನ್ ಈ ಗುಂಪಿನವು. ಜನ ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲೇ. ಮಾತ್ರೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣಕ್ಕೆ ಆರೆಂಟು ವಾರ. ಆದರೆ ವಾಕರಿಕೆ, ತಲೆನೋವು, ಹೊಟ್ಟೆ ಕೆಡುವುದು ಮೊದಲ ವಾರವೇ ಬರುತ್ತವೆ. ಲಾಭ ತಡವಾಗಿ, ತೊಂದರೆ ಬೇಗ. "ಮಾತ್ರೆ ನನಗೆ ಆಗಿಬರಲ್ಲ" ಎಂದು ಎಂಟನೇ ದಿನ ಬಿಟ್ಟುಬಿಡುತ್ತಾರೆ. ವಾಕರಿಕೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಲೈಂಗಿಕ ಆಸಕ್ತಿ ಕುಗ್ಗುವುದೂ ಇದೆ, ಅದು ಉಳಿದುಕೊಳ್ಳಬಹುದು. ನಾಚಿಕೊಂಡು ಮಾತ್ರೆ ನಿಲ್ಲಿಸುವ ಬದಲು ಡಾಕ್ಟರಿಗೆ ಹೇಳಿದರೆ ಬದಲಿ ದಾರಿಗಳಿವೆ.

ಇಪ್ಪತ್ತೈದರೊಳಗಿನವರಲ್ಲಿ ಮೊದಲ ಕೆಲವು ವಾರ ಚಡಪಡಿಕೆ ಅಥವಾ ಸಾವಿನ ಯೋಚನೆ ಹೆಚ್ಚಾಗಬಹುದು. ಆ ಸಮಯ ಮನೆಯವರ ಕಣ್ಣಿರಲಿ, ಹಾಗಾದರೆ ತಕ್ಷಣ ಡಾಕ್ಟರಿಗೆ ತಿಳಿಸಿ. ನೋವಿನ ಮಾತ್ರೆ, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು, ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಜಾಸ್ತಿ.

ಗುಣವಾದ ಮೇಲೂ ಆರು ತಿಂಗಳಾದರೂ ಮಾತ್ರೆ ಮುಂದುವರಿಸುವುದು ರೂಢಿ. "ಚಟ ಆಗುತ್ತಲ್ವಾ?" ಈ ಗುಂಪಿನ ಮಾತ್ರೆಗೆ ಕುಡಿತದಂಥ ಚಟ ಹತ್ತುವುದಿಲ್ಲ. ಆದರೆ ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು, ಕಿರಿಕಿರಿ ಆಗುತ್ತದೆ. ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಇಳಿಸಬೇಕು.

ಚಟ ಹತ್ತುವ ಮಾತ್ರೆ ಬೇರೆಯೇ ಇದೆ. ಆಲ್‌ಪ್ರಾಜೊಲಾಮ್, ಕ್ಲೊನಾಜೆಪಾಮ್. ಜನ "ನಿದ್ದೆ ಮಾತ್ರೆ", "ಟೆನ್ಶನ್ ಮಾತ್ರೆ" ಅನ್ನುತ್ತಾರೆ. ಅದೇ ರಾತ್ರಿ ಆರಾಮ ಸಿಗುವುದರಿಂದ ಇದೇ ಒಳ್ಳೆಯ ಮದ್ದು ಅನಿಸುತ್ತದೆ. ಡಾಕ್ಟರ್ ಸ್ವಲ್ಪ ದಿನಕ್ಕೆ ಕೊಟ್ಟರೆ ಸರಿ. ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ತರಿಸಿಕೊಂಡರೆ ಖಿನ್ನತೆ ಹಾಗೇ ಉಳಿದು, ಮೇಲೊಂದು ಚಟ ಸೇರುತ್ತದೆ. ಈಗಾಗಲೇ ಹಾಗೆ ಆಗಿದ್ದರೆ ಒಮ್ಮೆಲೇ ಬಿಡಬೇಡಿ, ಫಿಟ್ಸ್ ಬರಬಹುದು.

6. ಮನಸ್ಸು ಬರಲಿ ಎಂದು ಕಾಯದೆ ಕೆಲಸ ಶುರುಮಾಡಿ

ಖಿನ್ನತೆ ಒಂದು ಸುಳಿ. ಮನಸ್ಸಿಲ್ಲ ಎಂದು ಕೆಲಸ ಬಿಡುತ್ತೀರಿ, ಬಿಟ್ಟದ್ದಕ್ಕೆ ಇನ್ನಷ್ಟು ಮನಸ್ಸು ಕುಗ್ಗುತ್ತದೆ. ಈ ಸುಳಿಯನ್ನು ಕೆಲಸದ ತುದಿಯಿಂದ ಬಿಡಿಸುವ ವಿಧಾನಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅನ್ನುತ್ತಾರೆ. ಕನ್ನಡದಲ್ಲಿ ಸರಳವಾಗಿ: ಮೊದಲು ಕಾಲು, ಆಮೇಲೆ ಮನಸ್ಸು. ಇದರ ಬಗ್ಗೆ ದೊಡ್ಡ ಅಧ್ಯಯನವೊಂದು ನಮ್ಮ ಪಕ್ಕದ ಗೋವಾದಲ್ಲೇ ನಡೆದಿದೆ. ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರಲ್ಲದ ತರಬೇತಿ ಪಡೆದ ಸಾಮಾನ್ಯ ಜನರಿಂದ, ಆರೆಂಟು ಭೇಟಿಗಳಲ್ಲಿ ಇದನ್ನು ಮಾಡಿಸಿದರು. 2017ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ ಮೂರು ತಿಂಗಳಲ್ಲಿ ಈ ಭೇಟಿ ಸಿಕ್ಕವರಲ್ಲಿ ಶೇ. 64 ಮಂದಿ ಚೇತರಿಸಿಕೊಂಡಿದ್ದರು, ಸಿಗದವರಲ್ಲಿ ಶೇ. 39. ಅವರು ಸೌಮ್ಯ ಖಿನ್ನತೆಯವರಲ್ಲ, ಸಾಕಷ್ಟು ತೀವ್ರವಾಗಿದ್ದವರು.

ಮಾಡುವುದು ಹೀಗೆ. ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯಿರಿ ಮಾತ್ರ. ಯಾವ ಹೊತ್ತಿಗೆ ಏನು ಮಾಡಿದಿರಿ, ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ. ಮೂರು ಗಂಟೆ ರೀಲ್ಸ್ ನೋಡಿದ ಮೇಲೆ ಅಂಕ ಎರಡು, ಹೂ ತರಲು ಮಾರ್ಕೆಟಿಗೆ ಹೋದಾಗ ನಾಲ್ಕು, ಹೀಗೆ ನಿಮ್ಮದೇ ಲೆಕ್ಕ ಕಾಣುತ್ತದೆ. ಎರಡನೇ ವಾರ ಆ ನಾಲ್ಕು ಅಂಕದ ಕೆಲಸವನ್ನು ಗಡಿಯಾರಕ್ಕೆ ಕಟ್ಟಿ: ಮಂಗಳವಾರ, ಶುಕ್ರವಾರ ಬೆಳಿಗ್ಗೆ ಏಳಕ್ಕೆ. ಮನಸ್ಸಿದ್ದರೂ ಇಲ್ಲದಿದ್ದರೂ. ತೀರಾ ಚಿಕ್ಕದಾಗಿರಲಿ. "ದಿನಾ ಒಂದು ಗಂಟೆ ವಾಕಿಂಗ್" ಬೇಡ, "ಚಪ್ಪಲಿ ಹಾಕಿ ಗೇಟಿನ ತನಕ" ಸಾಕು. ಗೇಟಿನಿಂದ ಮುಂದೆ ಹೋದರೆ ಲಾಭ, ವಾಪಸ್ ಬಂದರೂ ಸೋಲಲ್ಲ.

ಪಟ್ಟಿಯಲ್ಲಿ ಖುಷಿಯ ಕೆಲಸ, ಮುಗಿಸಿದೆ ಅನಿಸುವ ಕೆಲಸ, ಜನರ ಜೊತೆಗಿನ ಕೆಲಸ ಮೂರೂ ಇರಲಿ. ಕರೆಂಟ್ ಬಿಲ್ ಕಟ್ಟುವುದು ಖುಷಿಯಲ್ಲ, ಆದರೆ ಮುಗಿದರೆ ಒಂದು ಭಾರ ಇಳಿಯುತ್ತದೆ. ಯಕ್ಷಗಾನಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಅರ್ಧ ಗಂಟೆ ಕೂತು ಬನ್ನಿ, ಯಾರನ್ನೂ ಮಾತಾಡಿಸದಿದ್ದರೂ ಆಯಿತು.

ನಿದ್ದೆಗೆ ಏಳುವ ಸಮಯ ಒಂದೇ ಇರಲಿ. ರಾತ್ರಿ ಒಂದಕ್ಕೆ ಶಟರ್ ಎಳೆಯುವ ಹೋಟೆಲಿನವರಿಗೆ "ಹತ್ತಕ್ಕೆ ಮಲಗಿ" ಅನ್ನುವುದು ತಮಾಷೆಯಾದೀತು. ನಿಮ್ಮ ಪಾಳಿಗೆ ತಕ್ಕ ಸಮಯ ಹಿಡಿದು ಅದನ್ನೇ ಪಾಲಿಸಿ, ಎದ್ದ ಮೇಲೆ ಹದಿನೈದು ನಿಮಿಷ ಬಿಸಿಲಿಗೆ ಬನ್ನಿ. ಕುಡಿತ ಬೇಡ. ಕುಡಿದರೆ ನಿದ್ದೆ ಬಂದಂತೆ ಅನಿಸಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಮರುದಿನ ಮನಸ್ಸು ಇನ್ನಷ್ಟು ಕುಸಿಯುತ್ತದೆ.

ಸೌಮ್ಯ ಖಿನ್ನತೆಗೆ ಇಷ್ಟೇ ಸಾಕಾಗಬಹುದು. ತೀವ್ರವಾಗಿದ್ದರೆ ಇದು ಚಿಕಿತ್ಸೆಯ ಜೊತೆಗೆ.

7. ಮನೆಯವರಿಗೆ ನಾಲ್ಕು ಮಾತು

"ನಿನಗೇನು ಕಡಿಮೆಯಾಗಿದೆ?" ಅನ್ನಬೇಡಿ. ಅವರಿಗೂ ಅದೇ ಅರ್ಥವಾಗುತ್ತಿಲ್ಲ. "ಗಟ್ಟಿ ಮನಸ್ಸು ಮಾಡು" ಕೂಡ ಬೇಡ. ಬದಲಿಗೆ, "ನಾಳೆ ಕೇಸ್ ಪೇಪರ್ ಸಾಲಿನಲ್ಲಿ ನಾನು ನಿಲ್ತೇನೆ, ನೀನು ಹತ್ತಕ್ಕೆ ಬಾ" ಅನ್ನಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರ ಕೇಳಿ. ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಎಂಬುದು ತಪ್ಪು ಕಲ್ಪನೆ, ಕೇಳಿದರೆ ಎಷ್ಟೋ ಜನಕ್ಕೆ ಹಗುರಾಗುತ್ತದೆ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳ ಡಬ್ಬ ನಿಮ್ಮ ಕೈಯಲ್ಲಿರಲಿ.

ಮದುವೆ ಸಂಬಂಧ ತಪ್ಪುತ್ತದೆ, ಆಫೀಸಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆಗೆ ಅದೇ 2017ರ ಕಾಯ್ದೆಯಲ್ಲಿ ಸ್ವಲ್ಪ ಉತ್ತರ ಇದೆ. ಚಿಕಿತ್ಸೆಯ ವಿವರ ಗುಟ್ಟಾಗಿಡುವುದು ಡಾಕ್ಟರ ಕರ್ತವ್ಯ. ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕು. ಪಾಲಿಸಿಯಲ್ಲಿ ಒಪಿಡಿ ಖರ್ಚು ಸೇರಿದೆಯಾ ಎಂಬುದನ್ನು ಮಾತ್ರ ಓದಿ ನೋಡಿ.

8. ಸರಿಯಾದ ಮೇಲೆ

ಖಿನ್ನತೆ ಒಮ್ಮೆ ಬಂದವರಿಗೆ ಮತ್ತೆ ಬರುವುದುಂಟು. ಹಾಗಾಗಿ ಶುರುವಿನಲ್ಲಿ ಮೊದಲು ಕೆಟ್ಟದ್ದು ಏನು ಎಂದು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡಿ. ಒಬ್ಬೊಬ್ಬರಿಗೆ ಒಂದೊಂದು. ನನಗೆ ಬೆಳಗಿನ ಪೇಪರ್ ಓದುವುದು ನಿಂತಿತ್ತು, ಬಾಗಿಲ ಬಳಿ ಸುರುಳಿ ಬಿಚ್ಚದ ಪೇಪರ್ ರಾಶಿಯಾದಾಗ ಹೆಂಡತಿಗೆ ಮೊದಲು ಗೊತ್ತಾಯಿತು. ನಿಮ್ಮದು ಸ್ನಾನ ಮುಂದೂಡುವುದಿರಬಹುದು, ಅಮ್ಮನ ಫೋನ್ ಎತ್ತದಿರುವುದಿರಬಹುದು. ಆ ಪುಟವನ್ನು ಜೊತೆಗಿರುವವರಿಗೂ ತೋರಿಸಿ.

ಇನ್ನು ಊರಿಗೆ ಧಾರಾಳವಾಗಿ ಹೋಗಿ ಬನ್ನಿ. ಹೋಗುವ ಮೊದಲು ಮಾತ್ರೆ ಎಣಿಸಿ, ಉಳಿಯುವ ದಿನಕ್ಕಿಂತ ಐದು ದಿನದ್ದು ಜಾಸ್ತಿ ಇಟ್ಟುಕೊಳ್ಳಿ, ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಮಳೆಗಾಲದಲ್ಲಿ ಗುಡ್ಡ ಜರಿದರೆ ಕೊಂಕಣ ರೈಲು ಯಾವಾಗ ಹೊರಡುತ್ತದೆ ಎಂದು ಹೇಳಲಾಗದು. ಮಾತ್ರೆ ದೊಡ್ಡ ಬ್ಯಾಗಿನಲ್ಲಿ ಸೀಟಿನಡಿ ಬೇಡ, ಕೈಚೀಲದಲ್ಲಿರಲಿ.